ಭದ್ರಾವತಿಗೆ ಹೋಗದಿದ್ದವನು

ಮೊಬೈಲಿಗೆ ಆ ಸಂದೇಶ ಬಂದಾಗ ವಸಂತ್ ಪಿಯುಸಿ ವಿದ್ಯಾರ್ಥಿಗಳಿಗೆ ವಿಧವಾ ವಿವಾಹದ ಪಾಠ ಮಾಡುತ್ತಿದ್ದ. ಶಿವಮೊಗ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಅವನು ಸಮಾಜಶಾಸ್ತ್ರದ ಉಪನ್ಯಾಸಕ. ಉಳಿದ ಪಾಠಗಳನ್ನು ಗೈಡು ನೋಡಿಕೊಂಡು ಮುಗಿಸುತ್ತಿದ್ದವನು ಈ ಪಾಠ ಬಂದಾಗ ಮಾತ್ರ ಪುಸ್ತಕ ಮುಚ್ಚಿಡುತ್ತಿದ್ದ. ಗಂಡ ಸತ್ತ ಹೆಣ್ಣಿಗೂ ಒಂದು ಮನಸ್ಸಿರುತ್ತದೆ, ಒಂಟಿತನಕ್ಕೆ ಜಾತಿ ವಯಸ್ಸು ಗೊತ್ತಿರುವುದಿಲ್ಲ, ಇಷ್ಟನ್ನೂ ಅರ್ಥ ಮಾಡಿಕೊಳ್ಳಲಾರದ ಸಮಾಜ ಸಮಾಜವೇ ಅಲ್ಲ ಎಂದೆಲ್ಲ ಹೇಳುವಾಗ ಅವನು ಮೇಜು ಬಿಟ್ಟು ಬೆಂಚುಗಳ ನಡುವೆ ಓಡಾಡುತ್ತಿದ್ದ. ಅದು ಪರೀಕ್ಷೆಗೆ ಬರುವುದಿಲ್ಲವೆಂದು ಗೊತ್ತಿದ್ದ ಹುಡುಗರೂ ಕಿವಿಗೊಟ್ಟು ಕೇಳುತ್ತಿದ್ದರು.

ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದು ಮೊಬೈಲು ತೆಗೆದು ನೋಡಿದ. ನಿಮ್ಮ ಹೆಸರಿನಲ್ಲಿರುವ ಸ್ಕೂಟರನ್ನು ಭದ್ರಾವತಿಯಲ್ಲಿ ಹೆಲ್ಮೆಟ್ ಇಲ್ಲದೆ ಓಡಿಸಲಾಗಿದೆ, ದಂಡ ಕಟ್ಟತಕ್ಕದ್ದು ಎಂದು ಸಂದೇಶ ಹೇಳುತ್ತಿತ್ತು.

ವಸಂತನಿಗೆ ನಗು ಬಂತು. ಅವನ ಹತ್ತಿರ ಇದ್ದದ್ದು ಕಾರು. ಭದ್ರಾವತಿಗಂತೂ ಅವನು ಕಾಲಿಟ್ಟು ಐದು ವರ್ಷವಾಗಿತ್ತು. ಮೊದಲು ಇದು ಯಾರೋ ಸೈಬರ್ ಕಳ್ಳರ ಕೆಲಸವೆಂದುಕೊಂಡ. ಆಮೇಲೆ ಇಲಾಖೆಯ ಜಾಲತಾಣದಲ್ಲಿ ನೋಡಿದರೆ ದಂಡ ನಿಜವಾಗಿಯೂ ಇತ್ತು. ಅಷ್ಟಾದದ್ದೇ ತಡ, ಅವನಿಗೆ ಒಂದು ಬಗೆಯ ಉತ್ಸಾಹ ಬಂದುಬಿಟ್ಟಿತು. ತನಗೆ ಅನ್ಯಾಯವಾಗಿದೆ ಎಂದು ಖಾತ್ರಿಯಾದ ದಿನ ಮನುಷ್ಯನಿಗೆ ಬರುವ ಹುರುಪೇ ಬೇರೆ.

ಸಂಜೆ ಗೋಪಾಳ ಬಡಾವಣೆಯ ಮನೆಯಲ್ಲಿ ಹೆಂಡತಿ ಅನುಷಾ, "ಕಟ್ಟಿ ಕೈ ತೊಳ್ಕೊಳ್ಳಿ ಮಾರಾಯ್ರೇ" ಎಂದಳು.

"ಮಾಡದ ತಪ್ಪಿಗೆ ಯಾಕೆ ಕಟ್ಬೇಕು? ಇದು ತತ್ವದ ಪ್ರಶ್ನೆ."

"ನಿಮ್ಮ ತತ್ವ ಯಾವಾಗ್ಲೂ ಭದ್ರಾವತಿಗೇ ಹೋಗಿ ನಿಲ್ಲತ್ತಲ್ಲ" ಎಂದು ಹೇಳಿ ಅವಳು ನಾಲ್ಕು ವರ್ಷದ ಮಗಳು ಅಕ್ಷಯಾಳಿಗೆ ಊಟ ಮಾಡಿಸಲು ಒಳಗೆ ಹೋದಳು. ಹಾಲಿನಲ್ಲಿ ವಸಂತನ ತಂದೆ ಭೈರಪ್ಪನವರು ಟೀವಿ ನೋಡುತ್ತಿದ್ದರು. ಭದ್ರಾವತಿ ಎಂಬ ಹೆಸರು ಕಿವಿಗೆ ಬಿದ್ದದ್ದೇ ರಿಮೋಟು ಎತ್ತಿ ಸದ್ದು ಜೋರು ಮಾಡಿದರು. ಆ ಮನೆಯಲ್ಲಿ ಆ ಊರಿಗೆ ಸಿಗುತ್ತಿದ್ದ ಮರ್ಯಾದೆ ಅಷ್ಟು.

ಮರುದಿನ ವಸಂತ್ ಸಂಚಾರ ಠಾಣೆಗೆ ಹೋದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು. ಅಲ್ಲಿ ಎಎಸ್ಐ ಮೂರ್ತಪ್ಪ ಎಂಬವರು ಕಂಪ್ಯೂಟರಿನ ಮುಂದೆ ಕೂತಿದ್ದರು. ದಿನವೂ ನೂರಾರು ನಿರಪರಾಧಿಗಳ ಮುಖ ನೋಡಿ ನೋಡಿ ಅವರಿಗೆ ಒಂಥರಾ ವೈರಾಗ್ಯ ಬಂದಿತ್ತು.

"ಸಾರ್, ನಾನು ಭದ್ರಾವತಿಗೆ ಹೋಗಿ ಐದು ವರ್ಷ ಆಯ್ತು" ಎಂದು ವಸಂತ್ ಶುರು ಮಾಡಿದ.

ಮೂರ್ತಪ್ಪ ತಲೆಯೆತ್ತಿದರು. "ಅರ್ಧ ಗಂಟೆ ದಾರಿ. ಐದು ವರ್ಷದಿಂದ ಹೋಗೇ ಇಲ್ವಾ?"

"ಇಲ್ಲ."

"ಅಲ್ಲಿ ನಿಮ್ಮೋರು ಯಾರೂ ಇಲ್ಲ ಅನ್ಸುತ್ತೆ."

"ನಮ್ಮ ತಾತ ಇದ್ರು."

"ಇದ್ರು ಅಂದ್ರೆ?"

"ತೀರಿಕೊಂಡ್ರು. ಎರಡು ವರ್ಷ ಆಯ್ತು."

ಮೂರ್ತಪ್ಪ ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡಿದಂತೆ ಕಂಡಿತು. "ಆಗ್ಲೂ ಹೋಗ್ಲಿಲ್ಲ" ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

"ಎಕ್ಸಾಮ್ ಡ್ಯೂಟಿ ಇತ್ತು."

"ಹ್ಞೂ" ಎಂದರು ಮೂರ್ತಪ್ಪ.

ತನ್ನ ಕೈಯಲ್ಲಿರುವಷ್ಟು ಗಟ್ಟಿಯಾದ ಸಾಕ್ಷಿ ಬೇರೆ ಯಾರ ಬಳಿಯೂ ಇರಲಾರದೆಂದು ದಾರಿಯುದ್ದಕ್ಕೂ ಖುಷಿಪಟ್ಟುಕೊಂಡು ಬಂದಿದ್ದ ವಸಂತನಿಗೆ, ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ಯಾಕೋ ಫೈಲು ಬಿಚ್ಚಲು ಮನಸ್ಸಾಗಲಿಲ್ಲ. ಹೆಲ್ಮೆಟ್ ಹಾಕಿರಲಿಲ್ಲ ಎಂದಿದ್ದರೆ ಇದಕ್ಕಿಂತ ಹೆಚ್ಚು ಗೌರವ ಉಳಿಯುತ್ತಿತ್ತೇನೋ.

ಮೂರ್ತಪ್ಪ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. "ಗಾಡಿ ನಿಮ್ದೋ ಅಲ್ವೋ ನೋಡಿ."

ಫೋಟೋದಲ್ಲಿ ಒಂದು ಹಸಿರು ಸ್ಕೂಟರಿತ್ತು. ಅದರ ಮೇಲೆ ಒಬ್ಬ ಮುದುಕಿ ನೆಟ್ಟಗೆ ಕೂತಿದ್ದಳು. ಕಾಲಿನ ಹತ್ತಿರ ಎರಡು ದೊಡ್ಡ ಅಲ್ಯೂಮಿನಿಯಂ ಪಾತ್ರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ತಲೆಯ ಮೇಲೆ ಕಾರ್ಖಾನೆಯ ಕೆಲಸಗಾರರು ಹಾಕುವ ಹಳದಿ ಟೋಪಿ. ಟೋಪಿಯ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿಯಾಗಿ ಕಟ್ಟಿದ್ದಳು.

ವಸಂತನಿಗೆ ಸ್ಕೂಟರಿನ ಗುರುತು ಸಿಕ್ಕಿತು. ಹೆಂಗಸಿನ ಗುರುತೂ ಸಿಕ್ಕಿತು. ಟೋಪಿ ಯಾರದೆಂದೂ ಗೊತ್ತಾಯಿತು.

ಟೋಪಿ ಅವನ ತಾತ ರಂಗಪ್ಪನವರದು. ಅವರು ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ಆಯುಷ್ಯ ಕಳೆದವರು. ಭೈರಪ್ಪನವರಿಗೆ ವಿದ್ಯುತ್ ಇಲಾಖೆಯಲ್ಲಿ ಪದೇ ಪದೇ ವರ್ಗವಾಗುತ್ತಿದ್ದುದರಿಂದ ವಸಂತನನ್ನು ಸಾಕಿ ಓದಿಸಿದವರು ತಾತ ಮತ್ತು ಅಜ್ಜಿ ಹುಚ್ಚಮ್ಮ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲೇ ಅವನು ಬೆಳೆದದ್ದು. ಅವನು ಎಂ.ಎ. ಸೇರಿದಾಗ ತಾತ ಈ ಸ್ಕೂಟರನ್ನು ಕೊಡಿಸಿ ಅವನ ಹೆಸರಿಗೇ ಮಾಡಿಸಿದ್ದರು.

ಹುಚ್ಚಮ್ಮ ತೀರಿಕೊಂಡ ಮೇಲೆ ರಂಗಪ್ಪ ನ್ಯೂ ಟೌನಿನ ಒಂದು ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ರಾತ್ರಿಯ ಊಟ ಕಾರ್ಖಾನೆ ಗೇಟಿನ ಹತ್ತಿರ ಕಾಳಮ್ಮನ ಇಡ್ಲಿ ಅಂಗಡಿಯಲ್ಲಿ. ಕಾಳಮ್ಮನ ಹಿರಿಯರು ಕಾರ್ಖಾನೆ ಕೆಲಸಕ್ಕೆಂದು ತಮಿಳು ಸೀಮೆಯಿಂದ ಬಂದವರು. ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಊಟಕ್ಕೆ ಹೋಗುತ್ತಿದ್ದ ರಂಗಪ್ಪ ಕ್ರಮೇಣ ಅಲ್ಲಿ ಪಾತ್ರೆ ತೊಳೆಯತೊಡಗಿದರು. ಪಾತ್ರೆ ತೊಳೆಯುವ ತನಕ ಊರಿಗೆ ಏನೂ ಅನಿಸಿರಲಿಲ್ಲ. ರಂಗಪ್ಪನವರಿಗೆ ಎಪ್ಪತ್ತು ದಾಟಿದ ಮೇಲೆ ಒಂದು ಸೋಮವಾರ ಇಬ್ಬರೂ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮದುವೆಯಾದಾಗ ಮಾತ್ರ ಎಲ್ಲರಿಗೂ ಸಂಸ್ಕೃತಿ ನೆನಪಾಯಿತು.

ಎಲ್ಲರಿಗಿಂತ ಹೆಚ್ಚು ನೆನಪಾದದ್ದು ಸಮಾಜಶಾಸ್ತ್ರದ ಉಪನ್ಯಾಸಕನಿಗೆ. ಅವನು ಅದೇ ಸ್ಕೂಟರು ಹತ್ತಿ ಭದ್ರಾವತಿಗೆ ಹೋಗಿ ಅಂಗಳದಲ್ಲಿ ನಿಂತು, ಕಾಳಮ್ಮನ ಎದುರಿಗೇ, "ಅಜ್ಜಿ ಸತ್ತಿದ್ದೇ ಒಳ್ಳೇದಾಯ್ತು. ಈ ವಯಸ್ಸಲ್ಲಿ ನಿಮಗೆ ನಾಚ್ಕೆ ಆಗಲ್ವಾ?" ಎಂದು ಕೇಳಿದ್ದ. ರಂಗಪ್ಪ, "ಊಟ ಮಾಡ್ಕೊಂಡು ಹೋಗು" ಎಂದಷ್ಟೇ ಹೇಳಿದರು. ಅವನು ಸ್ಕೂಟರಿನ ಕೀಲಿಯನ್ನು ಅಂಗಳಕ್ಕೆ ಎಸೆದು, ಇನ್ನು ಈ ಊರಿಗೆ ಕಾಲಿಡುವುದಿಲ್ಲವೆಂದು ಹೇಳಿ, ಬಸ್ಸಿನಲ್ಲಿ ಶಿವಮೊಗ್ಗದವರೆಗೂ ನಿಂತುಕೊಂಡೇ ಬಂದಿದ್ದ. ಅಷ್ಟು ದೊಡ್ಡ ಸ್ವಾಭಿಮಾನಕ್ಕೆ ಗಾಡಿಯ ದಾಖಲೆ ಬದಲಾಯಿಸಬೇಕೆಂಬ ಸಣ್ಣ ವಿಷಯ ಹೊಳೆಯಲಿಲ್ಲ. ಆಮೇಲೆ ಗಾಡಿಯೇ ಮರೆತುಹೋಗಿತ್ತು.

"ತಲೆ ಮೇಲೆ ಏನೋ ಇದ್ಯಲ್ಲ ಸಾರ್" ಎಂದ ವಸಂತ್, ಬೇರೇನೂ ತೋಚದೆ.

"ಅದು ಫ್ಯಾಕ್ಟರಿ ಟೋಪಿ. ಕಾನೂನಿನ ಲೆಕ್ಕದಲ್ಲಿ ಬರೀ ತಲೆ" ಎಂದರು ಮೂರ್ತಪ್ಪ. "ಗಾಡಿ ನಿಮ್ಮ ಹತ್ರ ಇರ್ಲಿಲ್ಲ ಅಂತ ಈಯಮ್ಮನ ಹತ್ರ ಬರೆಸ್ಕೊಂಡು ಬನ್ನಿ. ಇಲ್ಲಾಂದ್ರೆ ಸುಮ್ನೆ ಕಟ್ಟಿ. ಗುರ್ತು ಇದೆಯಾ ಇವ್ರದ್ದು?"

ವಸಂತ್ ಫೈಲನ್ನು ಕಂಕುಳಿಗೆ ಸೇರಿಸಿಕೊಂಡ. "ದೂರದ ಸಂಬಂಧ" ಎಂದ.

ಕಟ್ಟಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಭಾನುವಾರ ಅವನು ಕಾರು ತೆಗೆದುಕೊಂಡು ಭದ್ರಾವತಿಗೆ ಹೊರಟ. ತತ್ವಕ್ಕಾಗಿ ಹೋಗುತ್ತಿದ್ದೇನೆ ಎಂದು ಹೆಂಡತಿಗೆ ಹೇಳಿದ. ತಾತನಿದ್ದಾಗ ಮೂರು ವರ್ಷ ಸಿಗದ ನೆಪ, ಅವರು ಸತ್ತು ಎರಡು ವರ್ಷವಾದ ಮೇಲೆ ದಂಡದ ರೂಪದಲ್ಲಿ ಸಿಕ್ಕಿತ್ತು.

ಕಾರ್ಖಾನೆಯ ಗೇಟಿನ ಮುಂದೆ ಮೊದಲಿನ ಗಲಾಟೆ ಇರಲಿಲ್ಲ. ಕಾಳಮ್ಮನ ಅಂಗಡಿ ಮಾತ್ರ ಅಲ್ಲೇ ಇತ್ತು. ಅವಳು ಕಟ್ಟೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಪಕ್ಕದಲ್ಲಿ ಹಸಿರು ಸ್ಕೂಟರು, ಅದರ ಕನ್ನಡಿಗೆ ತಗುಲಿಹಾಕಿದ ಹಳದಿ ಟೋಪಿ. ವಸಂತನನ್ನು ನೋಡಿ ಅವಳ ಕೈ ಒಂದು ಕ್ಷಣ ನಿಂತಿತು.

"ಬಾಪ್ಪಾ. ಕೂತ್ಕೋ" ಎಂದಳು, ನಿನ್ನೆ ಮೊನ್ನೆ ಬಂದುಹೋದವನಿಗೆ ಹೇಳುವ ಹಾಗೆ.

ಅವನು ಕೂರದೆ, ಫೋಟೋದ ಪ್ರತಿ ತೋರಿಸಿ, ನಿಯಮಗಳನ್ನು ವಿವರಿಸಿದ. ಅವಳು ಫೋಟೋವನ್ನು ದೂರ ಹಿಡಿದು ನೋಡಿದಳು.

"ಹೆಲ್ಮೆಟ್ ಹಾಕಿದ್ದೀನಲ್ಲ."

"ಅದು ಹೆಲ್ಮೆಟ್ ಅಲ್ಲ."

"ಕುಲುಮೆ ಹತ್ರ ಕಬ್ಬಿಣ ಸಿಡಿದ್ರೂ ಅವರ ತಲೆ ಕಾಪಾಡ್ತು ಇದು. ರೋಡಲ್ಲಿ ಅದಕ್ಕಿಂತ ಏನಪ್ಪಾ ಬೀಳುತ್ತೆ?"

"ನೀವು ಬಿದ್ರೆ?"

"ನಾನ್ಯಾಕೆ ಬೀಳ್ಲಿ? ಅವರೇ ಕಲಿಸಿದ್ದು ಗಾಡಿ. ಈ ಮೈದಾನದಲ್ಲಿ. ಇಡೀ ಕಾಲೋನಿ ನಿಂತು ನಗ್ತಿತ್ತು." ಅವಳು ಅವನ ಮುಂದೆ ಒಂದು ತಟ್ಟೆ ಇಡ್ಲಿ ಇಟ್ಟಳು. "ಬರ್ಕೊಡಲ್ಲ ನಾನು. ನನ್ನ ಕೇಸು, ನಾನೇ ಬರ್ತೀನಿ ಸ್ಟೇಷನ್ನಿಗೆ. ಕೇಳ್ತೀನಿ ಅವರನ್ನ."

ಚಿಕ್ಕಂದಿನಲ್ಲಿ ಶಾಲೆಗೆ ಹೋಗುವ ಮುಂಚೆ ವಸಂತ್ ಇದೇ ಕಟ್ಟೆಯ ಮೇಲೆ ಕೂತು ಇದೇ ಇಡ್ಲಿ ತಿನ್ನುತ್ತಿದ್ದ. ಆಗ ಕಾಳಮ್ಮನ ಕೈಯಡುಗೆಯಿಂದ ಯಾರ ಮರ್ಯಾದೆಗೂ ಧಕ್ಕೆಯಾಗುತ್ತಿರಲಿಲ್ಲ. ಅವನು ಕೂತು ತಿಂದ. ಸ್ವಲ್ಪ ಹೊತ್ತಿನ ಮೇಲೆ, "ತಾತ ಕೊನೆಗೆ ತುಂಬ ಕಷ್ಟಪಟ್ರಾ?" ಎಂದು ಕೇಳಿದ.

"ಶ್ವಾಸದ್ದು. ರಾತ್ರಿಯೆಲ್ಲ ಕೂತೇ ಇರೋರು, ಮಲಗಕ್ಕಾಗ್ತಿರ್ಲಿಲ್ಲ. ಸುಮ್ನೆ ಕೂತ್ಕೊಂಡು ಏನ್ಮಾಡೋದು ಅಂತ ನಿನ್ನ ಸುದ್ದಿ ಹೇಳೋರು. ನೀನು ಹೊಳೇಲಿ ಚಪ್ಲಿ ಬಿಟ್ಕೊಂಡು ಬಂದಿದ್ದು, ಒಂದೇ ಕಾಲಲ್ಲಿ ಹಾಕ್ಕೊಂಡು ಬಂದಿದ್ದು. ನಾನು ಎಷ್ಟು ಸಲ ಕೇಳಿದೀನೋ ಅದನ್ನ." ಅವಳು ಎದ್ದು ಚಟ್ನಿ ಬಡಿಸಿದಳು. "ಒಂದು ಸಲ ಬಂದಿದ್ರಲ್ಲ ನಿಮ್ಮನೆಗೆ. ನಿನಗೆ ಮಗು ಆಗಿದೆ ಅಂತ ಯಾರೋ ಹೇಳಿದ್ರು. ದಾಳಿಂಬೆ ತಗೊಂಡು ಹೋದ್ರು. ಪಾಪ, ನೀನು ಕಾಲೇಜಿಗೆ ಹೋಗಿದ್ದೆ."

ವಸಂತ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ.

ಅವತ್ತು ಅವನು ಕಾಲೇಜಿಗೆ ಹೋಗಿರಲಿಲ್ಲ. ಮಹಡಿಯ ಮೇಲಿದ್ದ. ಗೇಟಿನ ಹತ್ತಿರ ತಾತನನ್ನು ಕಂಡು, ಇಲ್ಲ ಅಂತ ಹೇಳು ಎಂದು ಅನುಷಾಳನ್ನು ಕೆಳಗೆ ಕಳಿಸಿದ್ದ. ಬಾಣಂತನ ಮುಗಿಸಿಕೊಂಡು ಆಗಷ್ಟೇ ತವರಿನಿಂದ ಬಂದಿದ್ದ ಅನುಷಾ, ಒಳಗೆ ಬನ್ನಿ ಎಂದು ಕರೆಯುವ ಧೈರ್ಯ ಸಾಲದೆ, ಗೇಟಿನಲ್ಲೇ ಸುಳ್ಳು ಹೇಳಿ ಹಣ್ಣಿನ ಚೀಲ ಇಸಿದುಕೊಂಡಿದ್ದಳು. ಹೊರಟ ರಂಗಪ್ಪ ರಸ್ತೆಯ ಆಚೆ ಬದಿಗೆ ಹೋಗಿ ತಿರುಗಿ ಮೇಲೆ ನೋಡಿದ್ದರು. ವಸಂತ್ ಬಾಲ್ಕನಿಯ ಬಾಗಿಲಲ್ಲೇ ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದರು. ತಾತ ಕೈಯೆತ್ತಲೂ ಇಲ್ಲ, ಬೈಯಲೂ ಇಲ್ಲ, ಬಸ್ ಸ್ಟಾಪಿನ ಕಡೆ ನಡೆದುಬಿಟ್ಟರು. ದಾಳಿಂಬೆಯನ್ನು ವಸಂತ್ ಒಂದು ದಿನ ಮುಟ್ಟಲಿಲ್ಲ. ಮರುದಿನ ತಿಂದ. ಹಣ್ಣಿನ ಮೇಲೆ ಅವನಿಗೆ ತಾತ್ವಿಕ ವಿರೋಧವಿರಲಿಲ್ಲ.

ಮನೆಗೆ ಹೋಗಿ ಕಾಳಮ್ಮನಿಗೆ ತಾತ ಹೇಳಿದ್ದು ಇಷ್ಟು: ಹುಡುಗ ಕಾಲೇಜಿಗೆ ಹೋಗಿದ್ದ.

"ನಾನು ಮನೇಲೇ ಇದ್ದೆ" ಎಂದ ವಸಂತ್.

ಕಾಳಮ್ಮ ಅರ್ಥವಾಗದೆ ನೋಡಿದಳು.

"ಮೇಲೆ ನಿಂತಿದ್ದೆ. ಅವರು ನನ್ನ ನೋಡಿದ್ರು."

ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದು ಅವನು ಎಲ್ಲೋ ಓದಿದ್ದ. ಬಹುಶಃ ವಿದ್ಯಾರ್ಥಿಗಳಿಗೂ ಹೇಳಿದ್ದ. ಕಾಳಮ್ಮ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಕೂತಳು.

"ಅವತ್ತು ನಾನು ಅವರಿಗೆ ಬೈದೆ" ಎಂದಳು. "ಫೋನ್ ಮಾಡ್ದೆ ಯಾಕೆ ಹೋದ್ರಿ, ಹುಡುಗ ಕೆಲಸಕ್ಕೆ ಹೋಗೋನು, ಅಷ್ಟು ತಿಳಿಯಲ್ವಾ, ಬಿಸಿಲಲ್ಲಿ ಸುಮ್ನೆ ಅಲೆದ್ರಿ ಅಂತ. ರಾತ್ರಿ ಊಟ ಬೇಡ ಅಂದ್ರು, ಅದಕ್ಕೂ ಬೈದೆ. ತಪ್ಪಾಯ್ತು ಕಣೇ ಅಂದ್ರು. ಅವರು ನನಗೆ ತಪ್ಪಾಯ್ತು ಅಂದ್ರು."

ಅವಳ ದನಿ ಏರಲಿಲ್ಲ. "ನನ್ನ ಕೈಲಿ ಅವರನ್ನ ಬೈಸಿದ್ದು ನೀನು. ಇಷ್ಟು ದಿನ ನನಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೇನೇ ಇರಬಹುದಿತ್ತು ನಾನು."

ತನ್ನ ಭಾರ ಇಳಿಸಲು ಹೋದವನು ಅದರಲ್ಲಿ ಅರ್ಧವನ್ನು ಅವಳ ತಲೆಯ ಮೇಲಿಟ್ಟಿದ್ದ. ಕ್ಷಮೆ ಕೇಳಬೇಕೆಂದು ಅವನಿಗೆ ಅನಿಸಿತು. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವವನು ಎದ್ದು ತಟ್ಟೆಯನ್ನು ಕಟ್ಟೆಯ ತುದಿಗೆ ಸರಿಸಿದ.

"ಈಗ ಹೋಗು" ಎಂದಳು ಕಾಳಮ್ಮ. "ಸ್ಟೇಷನ್ನಿಗೆ ಬುಧವಾರ ಬರ್ತೀನಿ."

ವಾಪಸು ಬರುವಾಗ ವಸಂತ್ ಊರಾಚೆ ಕಾರು ನಿಲ್ಲಿಸಿದ. ತಾತ ಅವತ್ತು ಬಸ್ ಸ್ಟಾಪಿನವರೆಗೆ ನಡೆದ ರೀತಿ ನೆನಪಾಯಿತು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಂಡಿದ್ದರು. ಮುದುಕ ನಾಟಕ ಮಾಡುತ್ತಿದ್ದಾನೆ ಎಂದು ಅವನು ಆಗ ಅಂದುಕೊಂಡಿದ್ದ. ಸಮಾಜವನ್ನು ಅಧ್ಯಯನ ಮಾಡಿದವನಿಗೆ ಉಬ್ಬಸ ಗೊತ್ತಾಗಿರಲಿಲ್ಲ. ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅವನು ಅತ್ತ. ಹಿಂದಿನಿಂದ ಮರಳಿನ ಲಾರಿಯವನೊಬ್ಬ ಹಾರ್ನ್ ಹೊಡೆದು, ದಾರಿ ಬಿಡದಿದ್ದಕ್ಕೆ ಬೈದು ಹೋದ. ಆ ಬೈಗುಳವನ್ನು ವಸಂತ್ ಪ್ರಶ್ನಿಸಲಿಲ್ಲ.

ಬುಧವಾರ ಅವಳು ಬರಲಾರಳೆಂದೇ ಅವನು ಭಾವಿಸಿದ್ದ. ಬಂದಳು. ಬಸ್ಸಿನಲ್ಲಿ ಬಂದಿದ್ದಳು, ಕಂಕುಳಲ್ಲಿ ಬಟ್ಟೆಯ ಚೀಲ. ಮೂರ್ತಪ್ಪನವರ ಮುಂದೆ ಕೂತು ಚೀಲದಿಂದ ಹಳದಿ ಟೋಪಿ ತೆಗೆದು ಮೇಜಿನ ಮೇಲಿಟ್ಟಳು.

"ಇದು ಏನು ಅಂತ ಹೇಳಿ ಸಾಮಿ."

"ಟೋಪಿ ಅಮ್ಮಾ."

"ತಟ್ಟಿ ನೋಡಿ."

ಮೂರ್ತಪ್ಪ ತಟ್ಟಿ ನೋಡಿದರು. "ಗಟ್ಟಿ ಇದೆ. ಆದ್ರೆ ಗಾಡಿ ಹೆಲ್ಮೆಟ್ಟಿಗೆ ಐಎಸ್ಐ ಗುರುತು ಇರ್ಬೇಕು."

"ನಿನ್ನೆ ನಮ್ಮ ರೋಡಲ್ಲಿ ಒಬ್ಬ ಹೋದ. ಅವನ ತಲೆ ಮೇಲೆ ಇದ್ದಿದ್ದು ಮೊಸರಿನ ಡಬ್ಬಿ ಥರಾ ಇತ್ತು, ಒಂದು ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗುತ್ತೆ. ಅವನಿಗೆ ದಂಡ ಇಲ್ಲ. ನನಗೆ ಇದೆ. ಯಾಕೆ?"

"ಕ್ಯಾಮೆರಾಕ್ಕೆ ಆಕಾರ ಗೊತ್ತಾಗುತ್ತೆ ಅಮ್ಮಾ, ಗಟ್ಟಿತನ ಗೊತ್ತಾಗಲ್ಲ" ಎಂದರು ಮೂರ್ತಪ್ಪ. ಬಹುಶಃ ಆ ಠಾಣೆಯಲ್ಲಿ ಅವತ್ತು ಆಡಿದ ಅತ್ಯಂತ ಪ್ರಾಮಾಣಿಕ ಮಾತು ಅದಾಗಿತ್ತು.

"ಹಾಗಾದ್ರೆ ಅನ್ಯಾಯ ಅಂತ ಒಪ್ಕೊಂಡ್ರಿ."

"ನಾನು ಒಪ್ಕೊಂಡ್ರೆ ಏನಾಗುತ್ತೆ. ಕಂಪ್ಯೂಟರ್ ಒಪ್ಬೇಕಲ್ಲ."

"ಅಷ್ಟು ಸಾಕು ಬಿಡಿ. ಮನುಷ್ಯರು ಒಪ್ಕೊಂಡ್ರೆ ಸಾಕು." ಅವಳು ಸೆರಗಿನ ಗಂಟು ಬಿಚ್ಚಿ ದಂಡ ಕಟ್ಟಿದಳು. ವಸಂತ್ ಪರ್ಸು ತೆಗೆದದ್ದನ್ನು ನೋಡಿಯೂ ನೋಡದವಳಂತಿದ್ದಳು. ಗಾಡಿಯನ್ನು ಅವಳ ಹೆಸರಿಗೆ ಮಾಡಿಸಿಕೊಡುವುದಾಗಿ ಅವನು ಹೇಳಿದಾಗ, "ಮಾಡ್ಸು" ಎಂದಳು. ಠಾಣೆಯಿಂದ ಹೊರಗೆ ಬಂದು ಇಬ್ಬರೂ ಫುಟ್‌ಪಾತಿನ ಮೇಲೆ ನಿಂತರು.

"ಕಾಫಿ ಕುಡಿಯೋಣ್ವಾ?" ಎಂದ ವಸಂತ್.

"ಕಾಫಿ ಬೇಡ. ಮಗು ತೋರ್ಸು."

ಅವನು ಅವಳ ಮುಖ ನೋಡಿದ.

"ಅವರು ಅವತ್ತು ಬಂದಿದ್ದು ನಿನ್ನ ನೋಡಕ್ಕಲ್ಲಪ್ಪ. ಮಗು ನೋಡಕ್ಕೆ. ನೋಡ್ದೆ ಹೋದ್ರು. ನಾನಾದ್ರೂ ನೋಡ್ತೀನಿ. ನಿನ್ನ ಮೇಲೆ ಸಿಟ್ಟು ಹಾಗೇ ಇದೆ ನನಗೆ, ಅದು ಬೇರೆ."

ವಸಂತ್ ಅವಳನ್ನು ಕಾರಿನಲ್ಲಿ ಗೋಪಾಳಕ್ಕೆ ಕರೆದುಕೊಂಡು ಹೋದ. ಮನೆಯೊಳಗೆ ಭೈರಪ್ಪನವರು ಎಂದಿನಂತೆ ಟೀವಿಯ ಮುಂದಿದ್ದರು. ಪರದೆಯ ಮೇಲೆ ನಾಲ್ಕು ಜನ ದೇಶದ ಬಗ್ಗೆ ಕೂಗಾಡುತ್ತಿದ್ದರು. ತಂದೆಯ ಶವಸಂಸ್ಕಾರಕ್ಕೆ ಭೈರಪ್ಪ ಹೋಗಿದ್ದರು. ಕೊಳ್ಳಿಯಿಟ್ಟು, ಕಾಳಮ್ಮ ನಿಂತಿದ್ದ ಕಡೆ ತಿರುಗಿಯೂ ನೋಡದೆ, ಸಂಜೆಯ ಸೀರಿಯಲ್ಲಿಗೆ ವಾಪಸಾಗಿದ್ದರು. ಈಗ ಬಾಗಿಲಲ್ಲಿ ಅವಳನ್ನು ಕಂಡು ಅವರು ಏಳಲೂ ಇಲ್ಲ, ಕೂತಂತೆಯೂ ಇರಲಿಲ್ಲ.

ಅನುಷಾ ಮಾತ್ರ ಅಡುಗೆಮನೆಯಿಂದ ಬಂದವಳು ಒಂದು ಕ್ಷಣ ನಿಂತು, "ಒಳಗೆ ಬನ್ನಿ" ಎಂದಳು. ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತು. ಕುರ್ಚಿ ಎಳೆದು ಹಾಕಿ ಕಾಳಮ್ಮನನ್ನು ಕೈಹಿಡಿದು ಕೂರಿಸಿದಳು.

ಅಕ್ಷಯಾ ಕೋಣೆಯಿಂದ ಓಡಿಬಂದು ಹೊಸಬರನ್ನು ನೋಡಿ ನಿಂತಳು. ಕಾಳಮ್ಮ ಅವಳನ್ನು ಮುಟ್ಟಲಿಲ್ಲ, ಎತ್ತಿಕೊಳ್ಳಲಿಲ್ಲ. ಹಣೆಯಿಂದ ಪಾದದವರೆಗೆ ನಿಧಾನವಾಗಿ ನೋಡಿದಳು. ತೀರಿಹೋದವರಿಗೆ ವರದಿ ಒಪ್ಪಿಸಬೇಕಾದವರು ನೋಡುವ ಹಾಗೆ ನೋಡಿದಳು. "ಕಿವಿ ಅವರದ್ದೇ" ಎಂದಳು.

"ನೀವ್ಯಾರು?" ಎಂದಳು ಅಕ್ಷಯಾ.

"ನಿಮ್ಮ ತಾತನ್ನ ಕೇಳಮ್ಮ."

ಮಗು ಭೈರಪ್ಪನವರ ಕಡೆ ತಿರುಗಿತು. ವಸಂತನೂ ತಿರುಗಿದ. ಭೈರಪ್ಪ ರಿಮೋಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಏನೇನೋ ಸಂಬಂಧಗಳ ಹೆಸರು ಅವರ ಬಾಯಿಯವರೆಗೂ ಬಂದು ಹೋದಂತೆ ಕಾಣಿಸಿತು. ಅವಳು ತನಗಿಂತ ಹೆಚ್ಚೆಂದರೆ ಹತ್ತು ವರ್ಷ ದೊಡ್ಡವಳು, ಸಮಸ್ಯೆ ಸಣ್ಣದಾಗಿರಲಿಲ್ಲ.

"ಭದ್ರಾವತಿಯವರು" ಎಂದರು.

"ಇವತ್ತಿಗೆ ಅಷ್ಟು ಸಾಕು" ಎಂದಳು ಕಾಳಮ್ಮ.

ಅಕ್ಷಯಾಳಿಗೂ ಅದು ಸಾಕಾಯಿತು. ಅವಳು ತನ್ನ ಗೊಂಬೆಯನ್ನು ತಂದು ಅದರ ಕಾಲು ಹೇಗೆ ಮುರಿಯಿತೆಂದು ಭದ್ರಾವತಿಯವರಿಗೆ ವಿವರಿಸತೊಡಗಿದಳು. ಅನುಷಾ ಕಾಫಿಗಿಡಲು ಹೋದಳು. ವಸಂತ್ ಗೋಡೆಗೆ ಒರಗಿ ನಿಂತೇ ಇದ್ದ. ತಾತ ಬಂದಿದ್ದರೆ ಇದೇ ಕುರ್ಚಿಯಲ್ಲಿ ಕೂರುತ್ತಿದ್ದರು, ಇದೇ ಕಥೆ ಕೇಳುತ್ತಿದ್ದರು, ಬಹುಶಃ ಗೊಂಬೆಯ ಕಾಲನ್ನೂ ಸರಿ ಮಾಡಿಕೊಡುತ್ತಿದ್ದರು. ಅದಕ್ಕೆ ಬೇಕಾಗಿದ್ದದ್ದು ಅವನು ಒಂದು ಮಹಡಿಯ ಮೆಟ್ಟಿಲು ಇಳಿಯುವುದಷ್ಟೇ.

ಭೈರಪ್ಪನವರು ಟೀವಿ ಆರಿಸಲಿಲ್ಲ. ಸದ್ದನ್ನು ಮಾತ್ರ ಪೂರ್ತಿ ತಗ್ಗಿಸಿ, ಬರಿ ಬಾಯಿ ಅಲ್ಲಾಡಿಸುತ್ತಿದ್ದ ಆ ನಾಲ್ಕು ಜನರನ್ನು ನೋಡುತ್ತ, ಮೊಮ್ಮಗಳ ಮಾತಿಗೆ ಕಿವಿಗೊಟ್ಟು ಕೂತರು.